ಹಾಲಳೆಯುವ ದಿನ

ಬಸ್ಸು ಓಡಿಸುವವನಿಗೂ ವರ್ಷಕ್ಕೊಂದು ದಿನ ಕಾಲು ಬೇಕು.
ಜುಲೈ ಹದಿಮೂರಕ್ಕೆ ನಾನು ರಜೆ ಬರೆದರೆ
ಡಿಪೋದಲ್ಲಿ ಯಾರೂ ಯಾಕೆ ಅನ್ನುವುದಿಲ್ಲ.
ಕಣಿವೆಗೆಲ್ಲ ಗೊತ್ತು, ಅವತ್ತು ಮೇಲೆ
ವಾಲ್‌ನೇರಾದ ಹುಲ್ಲುಗಾವಲಿನಲ್ಲಿ ಹಾಲಳೆಯುತ್ತಾರೆ.

ಮೂವತ್ತೊಂದು ಮನೆಯ ದನ, ಒಂದೇ ಮಂದೆ,
ಒಂದೇ ತಾಮ್ರದ ಕಡಾಯಿ, ಒಂದೇ ಬೆಂಕಿ.
ಅವತ್ತು ಯಾರ ಹಸು ಎಷ್ಟು ಕೊಟ್ಟಿತೋ
ಅಷ್ಟೇ ಪಾಲು ಚೀಸು, ಸೆಪ್ಟೆಂಬರಿನಲ್ಲಿ, ಅವರವರ ಮನೆಗೆ.
ಒಂದು ಸಂಜೆ, ಒಂದು ಬೆಳಗು:
ಇಡೀ ಬೇಸಿಗೆಯ ಲೆಕ್ಕ ಅಲ್ಲಿಗೆ ಮುಗಿಯಿತು.
ಅಜ್ಜನ ಕಾಲದಲ್ಲಿ ಕೋಲಿನ ಮೇಲೆ ಕಚ್ಚು ಹಾಕುತ್ತಿದ್ದರಂತೆ.
ಈಗ ಸಿಗಿಸ್ಬೆರ್ಟ್ ಪುಸ್ತಕದಲ್ಲಿ ಬರೆಯುತ್ತಾನೆ, ಪೆನ್ಸಿಲಿನಲ್ಲಿ,
ಪೆನ್ನು ಎತ್ತರಕ್ಕೆ ಕಾರುತ್ತದೆಂದು.

ನನ್ನದು ಒಂದೇ ಹಸು. ಹೆಸರು ಸ್ತೆಯ್ಲಾ, ಅಂದರೆ ಚುಕ್ಕಿ.
ಹಣೆಯ ಮೇಲೆ ಚುಕ್ಕಿಯೇನೂ ಇಲ್ಲ;
ಅವಳು ಹುಟ್ಟಿದ ರಾತ್ರಿ ಕೊಟ್ಟಿಗೆಯ ಬಲ್ಬು ಸುಟ್ಟು
ಬಾಗಿಲು ತೆರೆದಿಟ್ಟುಕೊಂಡಿದ್ದೆವು, ಅಷ್ಟೇ.
ಅಕ್ಟೋಬರಿನಿಂದ ಮೇ ತನಕ
ನನ್ನ ಮಂಚಕ್ಕೂ ಅವಳ ಗೋದಲಿಗೂ ನಡುವೆ ಒಂದು ಹಲಗೆ.
ಅವಳು ಮೆಲುಕು ನಿಲ್ಲಿಸಿದರೆ ನನಗೆ ಎಚ್ಚರ.

ಹತ್ತಿದೆ. ಚೀಲದಲ್ಲಿ ರೈ ರೊಟ್ಟಿ, ಟಾರ್ಚಿನ ಸೆಲ್ಲು,
ದನ ಕಾಯುವ ಮೆಂಜಾಳ ಹಲ್ಲುನೋವಿಗೆ ಮಾತ್ರೆ,
ಹೋದ ವಾರದ ಪೇಪರು. ಜೇಬಿನಲ್ಲಿ ಉಪ್ಪು, ಹರಳುಹರಳಾಗಿ.
ಲಾರ್ಚ್ ಮರಗಳು ಮೊಣಕಾಲೆತ್ತರಕ್ಕೆ ಕುಗ್ಗಿ, ಆಮೇಲೆ ಮರವೇ ಇಲ್ಲ.
ಬಂಡೆಯ ಸಂದಿಯಲ್ಲಿ ಹೋದ ಚಳಿಗಾಲ ಕೊಳಕಾಗಿ ಬಿದ್ದಿತ್ತು.
ಮರ್ಮಟ್ಟೊಂದು ಸಿಳ್ಳೆ ಹಾಕಿ ಬಿಲ ಸೇರಿತು.
ಮಂಜು ಬಂತು. ಮಂಜಿನೊಳಗೆ ಮೊದಲು ಗಂಟೆಗಳು,
ಆಮೇಲೆ ಬಿಸಿ ಸೆಗಣಿಯ ವಾಸನೆ,
ಕೊನೆಗೆ ಹಸುಗಳು.

ಸ್ತೆಯ್ಲಾ, ಅಂದೆ. ಉಪ್ಪಿನ ಅಂಗೈ ಚಾಚಿದೆ.
ಪ್ರಯಾಣಿಕರು ಡ್ರೈವರನ್ನು ನೋಡುವ ಹಾಗೆ ನೋಡಿದಳು,
ಬಂತಾ ಅಂತ, ಯಾರು ಅಂತಲ್ಲ.
ಮತ್ತೆ ಹುಲ್ಲಿಗೆ ಮೂತಿ.
ಅತ್ತ ಮೆಂಜಾ ನಾಲಿಗೆಯನ್ನು ಒಂದು ಸಲ ಲೊಟ್ಟೆನ್ನಿಸಿದಳು,
ಜೋರಾಗಿ ಕೂಡ ಅಲ್ಲ.
ಕೆಚ್ಚಲು ತೂಗಾಡಿಸುತ್ತ ಓಡಿದಳು ನನ್ನ ಚುಕ್ಕಿ.

ನಾನು ಕರೆದೆ, ಬರಲಿಲ್ಲ.
ಮೆಂಜಾ ಕರೆದಳು, ನೊರೆ ಬಕೆಟ್ಟಿನ ಅಂಚು ಮುಟ್ಟಿತು.

ತೂಕದ ಕೊಕ್ಕೆಗೆ ಬಕೆಟ್ಟು ಏರಿದಾಗ
ಎಲ್ಲ ಯಜಮಾನರೂ ಆಕಾಶ ನೋಡುತ್ತಾರೆ,
ಆಕಾಶದಲ್ಲಿ ಮುಳ್ಳು ಇರುವವರ ಹಾಗೆ.
ಎಂಟೂ ನಾಲ್ಕು, ಎಂದ ಸಿಗಿಸ್ಬೆರ್ಟ್.
ಫಿದೆಲ್ ಕೆಮ್ಮಿದ.

ಕತ್ತಲಾಗುವ ಮೊದಲು ಮೆಂಜಾ ಬಂಡೆ ಹತ್ತಿ
ಹಾಲು ಸೋಸುವ ಮರದ ಆಲಿಕೆಯನ್ನು ಬಾಯಿಗಿಟ್ಟು ಕೂಗಿದಳು
ಸಂತರ ಹೆಸರುಗಳನ್ನು, ಒಬ್ಬೊಬ್ಬರನ್ನಾಗಿ, ನಾಲ್ಕು ದಿಕ್ಕಿಗೂ.
ಕೂಗು ಎಲ್ಲಿಯ ತನಕ ಮುಟ್ಟುತ್ತದೋ ಅಲ್ಲಿಯ ತನಕ
ತೋಳವಿಲ್ಲ, ಸಿಡಿಲಿಲ್ಲ, ಕಾಲು ಜಾರುವುದಿಲ್ಲ.
ಒಂದು ಕಡೆಯ ದವಡೆ ಇನ್ನೂ ಊದಿಕೊಂಡಿತ್ತು ಪಾಪ.
ನಂಬುತ್ತೀಯಾ? ಕೇಳಿದೆ.
ದಿನಾ ಕೂಗುತ್ತೇನೆ, ಎಂದಳು.

ಬೆಳಿಗ್ಗೆ ಒಂಬತ್ತೂ ಒಂದು. ಒಟ್ಟು ಹದಿನೇಳೂವರೆ ಕೇಜಿ.
ನನ್ನ ಕೊಟ್ಟಿಗೆಯಲ್ಲಿ ಅವಳು ಹದಿಮೂರು ದಾಟಿದ್ದಿಲ್ಲ.
ಏನು ತಿನ್ನಿಸಿ ಕಳಿಸಿದ್ದೆಯೋ, ಎಂದು ಫಿದೆಲ್ ಬೆನ್ನಿಗೆ ಗುದ್ದಿದ.
ನಕ್ಕೆ. ಮನೆಯಲ್ಲಿ ಬಾಯಿ ಬಿಡದ ಮಗು
ಪಕ್ಕದ ಮನೆಯಲ್ಲಿ ಹಾಡಿತೆಂದು ಕೇಳಿದವನ ಹಾಗೆ.
ಮೆಂಜಾ ಬಿಸಿ ಹಾಲೊಡಕು ಕೊಟ್ಟಳು, ಲೋಟದಲ್ಲಿ.
ಕುಡಿದೆ. ಇಳಿದೆ.

ಬಾಗಿಲಲ್ಲೇ ಬಾರ್ಲಾ: ನಿನ್ನ ಕಂಡು ಓಡಿ ಬಂದಳಾ?
ಹದಿನೇಳೂವರೆ, ಎಂದೆ.
ಅಯ್ಯೋ ದೇವರೇ, ಎಂದು ಅವಳು ಕುಣಿಯುತ್ತಿರುವಾಗ
ಜೇಬಿಗೆ ಕೈ ಹಾಕಿದೆ; ಉಪ್ಪು ಬೆವರಿ ಬಟ್ಟೆಗೆ ಅಂಟಿತ್ತು.

ಮರುದಿನ ಆರೂ ಹತ್ತರ ಬಸ್ಸು.
ಏಳನೇ ತಿರುವಿನಲ್ಲಿ, ವಾಲ್‌ನೇರಾ ಮೇಲೆ ಕಾಣುವ ಕಡೆ,
ಎದುರಿಗೆ ಯಾವ ಗಾಡಿಯೂ ಇಲ್ಲದಿದ್ದರೂ
ಹಾರನ್ ಒತ್ತಿದೆ.
ಹಿಂದಿನ ಸೀಟಿನ ಶಾಲೆಮಕ್ಕಳು ತಲೆಯೆತ್ತಿದರು.
ಇನ್ನೊಮ್ಮೆ ಒತ್ತಿದೆ, ತುಸು ಉದ್ದಕ್ಕೆ.